ಕೋಪವಲ್ಲ, ಬೇಸರ: ಅದನ್ನು ಯಾರಿಗೆ ಹೇಳುವುದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೇರೆಯವರ ತಪ್ಪು ಮೀಟಿಂಗಿನಲ್ಲಿ ನಿಮ್ಮ ತಲೆಗೆ ಬಂತು. ನಿಜ ಗೊತ್ತಿದ್ದ ನಾಲ್ಕು ಜನ ಅಲ್ಲೇ ಇದ್ದರು, ಲ್ಯಾಪ್‌ಟಾಪ್ ನೋಡುತ್ತಾ ಕೂತರು. ಆಮೇಲೆ ನೀವು ಎಚ್‌ಆರ್‌ಗೆ ಬರೆದಿರಿ. ‘ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ, ವಿಷಯವನ್ನು ಗಮನಿಸಲಾಗಿದೆ’ ಅಂತ ಒಂದು ಸಾಲು ಬಂತು. ‘ನನಗೆ ಕೋಪಕ್ಕಿಂತ ಬೇಸರ ಜಾಸ್ತಿ. ಹೇಳಿಕೊಳ್ಳಬೇಕಾ, ನುಂಗಿಕೊಂಡು ಸುಮ್ನಿರಬೇಕಾ? ಹೇಳಿದರೆ ತುಂಬಾ ಸೂಕ್ಷ್ಮ ಅಂತಾರೆ’ ಎಂದು ಕೇಳಿದ್ದೀರಿ.

ಹೇಳಿ. ಆದರೆ ಮನುಷ್ಯರಿಗೆ ಹೇಳುವ ಮಾತೇ ಬೇರೆ, ಸಂಸ್ಥೆಗೆ ಬರೆಯುವ ಮಾತೇ ಬೇರೆ. ಎರಡನ್ನೂ ಒಂದೇ ಪತ್ರಕ್ಕೆ ತುಂಬಿದರೆ ಎರಡೂ ಕೆಡುತ್ತವೆ. ಇದು ನನಗೆ ಹೇಗೆ ಗೊತ್ತು ಅಂದರೆ, ನಾನು ಆರು ವರ್ಷ ಒಂದು ದೊಡ್ಡ ಸಂಸ್ಥೆಯ ದೂರು ವಿಭಾಗದಲ್ಲಿದ್ದೆ. ನಿಮಗೆ ಬಂದಂಥ ಒಂದು ಸಾಲಿನ ಉತ್ತರಗಳನ್ನು ಕಳಿಸುತ್ತಿದ್ದವಳು ನಾನೇ.

ಆ ಕೆಲಸದಲ್ಲಿ ಪ್ರತಿ ದೂರಿಗೂ ನಾಲ್ಕು ಕಾಲಂ ತುಂಬಬೇಕಿತ್ತು. ಯಾವ ವಿಭಾಗ, ಯಾವ ದಿನ, ಯಾವ ನಿಯಮ ತಪ್ಪಿದೆ, ಏನು ಪರಿಹಾರ ಬೇಕು. ನಾಲ್ಕೂ ತುಂಬಿದರೆ ಪತ್ರ ಮೇಲಕ್ಕೆ ಹೋಗುತ್ತಿತ್ತು. ತುಂಬದಿದ್ದರೆ ಸಿದ್ಧ ಉತ್ತರ. ಬೈಗುಳದ ಪತ್ರಗಳಿಗೆ ನಾವು ಹೆದರುತ್ತಿದ್ದೆವು ಅಂದುಕೊಂಡಿದ್ದರೆ, ಇಲ್ಲ. ಬೈಗುಳ ಬಿಟ್ಟು ದಿನಾಂಕ ಹುಡುಕುತ್ತಿದ್ದೆವು. ನಿಜ ಹೇಳಬೇಕೆಂದರೆ ಬೈದವರ ಪತ್ರ ಬಂದಾಗ ಒಂಥರಾ ನೆಮ್ಮದಿಯೇ ಆಗುತ್ತಿತ್ತು. ಇಷ್ಟು ಕೂಗಾಡುವವರು ಕೌಂಟರಿನಲ್ಲೂ ಹಾಗೇ ಕೂಗಾಡಿರುತ್ತಾರೆ, ತಪ್ಪು ಅವರದ್ದೂ ಇರುತ್ತದೆ ಅಂತ ಅಂದುಕೊಳ್ಳಬಹುದಿತ್ತಲ್ಲ.

ಒಂದು ದಿನ ಅರ್ಧ ಪುಟದ ಪತ್ರ ಬಂತು. ವಯಸ್ಸಾದ ತಂದೆಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದವರೊಬ್ಬರು ಬರೆದಿದ್ದರು. ತಂದೆ ಮೂರು ಗಂಟೆ ನಿಂತೇ ಇದ್ದರಂತೆ. ಪಕ್ಕದಲ್ಲೇ ಕುರ್ಚಿ ಇತ್ತು, ಅದರ ಮೇಲೆ ಫೈಲುಗಳನ್ನು ಪೇರಿಸಿದ್ದರು. ಯಾರೂ ತೆಗೆಯಲಿಲ್ಲ, ತೆಗೆಯಿರಿ ಅಂತ ತಾವೂ ಕೇಳಲಿಲ್ಲ. ಕೆಲಸವೇನೋ ಆಯಿತು. ಆದರೆ ತುಂಬಾ ಬೇಸರವಾಯಿತು, ಅದನ್ನು ತಿಳಿಸೋಣ ಅನಿಸಿತು, ಅಷ್ಟೇ. ಇಷ್ಟೇ ಪತ್ರ.

ಯಾವ ನಿಯಮ ತಪ್ಪಿತ್ತು? ಯಾವುದೂ ಇಲ್ಲ. ಏನು ಪರಿಹಾರ ಬೇಕಿತ್ತು? ಅವರು ಕೇಳಿರಲಿಲ್ಲ. ‘ಬೇಡಿಕೆ ಇಲ್ಲ’ ಅಂತ ಬರೆದು ಕ್ಲೋಸ್ ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಆರು ವರ್ಷಗಳಲ್ಲಿ ನೂರಾರು ಪತ್ರ ಓದಿದ್ದೇನೆ, ಈಗಲೂ ತಲೆಯಲ್ಲಿ ಉಳಿದಿರುವುದು ಅದೊಂದೇ. ಆ ಕುರ್ಚಿ ನಮ್ಮ ಕೆಳಗಿನ ಮಹಡಿಯಲ್ಲಿತ್ತು. ದಿನಾ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದೆ.

ಇರಲಿ, ಮೊದಲು ನಿಮ್ಮ ಆ ನಾಲ್ಕು ಜನರ ವಿಷಯ.

1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನಲ್ಲಿ ಮಾತಾಡಿಸಿದರು. ನಡುವೆ ಒಬ್ಬನಿಗೆ ಫಿಟ್ಸ್ ಬಂದಂತೆ ದನಿ ಕೇಳಿಸುತ್ತದೆ. ಅದು ಮೊದಲೇ ರೆಕಾರ್ಡ್ ಮಾಡಿದ್ದು, ವಿದ್ಯಾರ್ಥಿಗೆ ಗೊತ್ತಿಲ್ಲ. ಕೇಳಿಸಿಕೊಳ್ಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ಸಹಾಯ ಕೇಳಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ.

ಈ ಅಂಕಿಗಳನ್ನು ಬಹಳ ಜನ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಅದೇ ವರದಿಯಲ್ಲಿರುವ ಇನ್ನೊಂದು ಮಾತು. ಎದ್ದು ಹೋಗದೆ ಕೂತವರು ಕಲ್ಲು ಮನಸ್ಸಿನವರಾಗಿ ಕಾಣಲಿಲ್ಲ. ಪ್ರಯೋಗ ಮಾಡುವವರು ಒಳಗೆ ಬಂದಾಗ ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು. ‘ಅವನು ಹುಷಾರಾಗಿದ್ದಾನಾ? ಯಾರಾದರೂ ನೋಡಿಕೊಳ್ಳುತ್ತಿದ್ದಾರಾ?’ ಅಂತ ಕೇಳಿದರು. ಏಳಬೇಕೋ ಬೇಡವೋ ಅಂತ ಒಳಗೇ ಒದ್ದಾಡುತ್ತಾ ಕೂತಿದ್ದರು.

ನಿಮ್ಮ ನಾಲ್ಕು ಜನ ಒಳ್ಳೆಯವರು, ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಒಬ್ಬರಾದರೂ ಬಾಯಿ ಬಿಡಬೇಕಿತ್ತು. ಈ ಪ್ರಯೋಗ ಓದಿದ ಮೇಲೆ ನನ್ನ ಕೋಪ ಕಡಿಮೆಯಾಯಿತು, ಬೇಸರ ಹಾಗೇ ಉಳಿಯಿತು. ಆಗ ಅನಿಸಿದ್ದು, ಹೇಳಬೇಕಾಗಿರುವುದು ಕೋಪವನ್ನಲ್ಲ, ಈ ಬೇಸರವನ್ನೇ.

ನಾಲ್ಕೂ ಜನರಿಗೆ ಹೇಳಲು ಹೋಗಬೇಡಿ. ಗ್ರೂಪಿನಲ್ಲಂತೂ ಬೇಡವೇ ಬೇಡ. ಅಲ್ಲಿ ಮತ್ತೆ ಅದೇ ಲೆಕ್ಕ ಶುರುವಾಗುತ್ತದೆ, ಎಲ್ಲರೂ ಇನ್ನೊಬ್ಬರು ಉತ್ತರಿಸಲಿ ಅಂತ ಕಾಯುತ್ತಾರೆ. ನಾಲ್ವರಲ್ಲಿ ನೀವು ಯಾರ ಮುಖ ನೋಡಿದಿರಿ? ಆ ಕ್ಷಣದಲ್ಲಿ ಒಬ್ಬರ ಕಡೆ ಕಣ್ಣು ಹೋಗಿರುತ್ತದೆ. ಬೇಸರ ತಂದಿರುವುದು ಅವರೇ. ಉಳಿದ ಮೂವರ ಮೇಲೆ ನಿಮಗೆ ಅಷ್ಟು ಭರವಸೆಯೇ ಇರಲಿಲ್ಲ, ಅಲ್ವಾ?

ಅವರನ್ನು ಒಬ್ಬರೇ ಇರುವಾಗ ಮಾತಾಡಿಸಿ. ‘ಯಾಕೆ ಸುಮ್ಮನಿದ್ದಿರಿ?’ ಅಂತ ಕೇಳಬೇಡಿ. ಯಾಕೆ ಅಂತ ಕೇಳಿದರೆ ಕಾರಣ ಬರುತ್ತದೆ, ಆಮೇಲೆ ಮಾತೆಲ್ಲ ಆ ಕಾರಣ ಸರಿಯೋ ತಪ್ಪೋ ಎಂಬುದರ ಮೇಲೇ ಹೋಗುತ್ತದೆ. ಇಷ್ಟು ಹೇಳಿ ಸಾಕು: ‘ಆ ದಿನ ಮೀಟಿಂಗಿನಲ್ಲಿ ನೀವು ಒಂದು ಮಾತು ಹೇಳುತ್ತೀರಿ ಅಂತ ಕಾದೆ. ಹೇಳಲಿಲ್ಲ. ನನಗೆ ನೋವಾಯಿತು.’ ‘ಬೇಸರ’ ಅನ್ನುವುದಕ್ಕಿಂತ ‘ನೋವು’ ಅನ್ನಿ. ನಮ್ಮ ಭಾಷೆಯಲ್ಲಿ ಬೇಸರ ತೀರಾ ದುಡಿದು ಸವೆದ ಪದ. ಹೊತ್ತು ಹೋಗದಿದ್ದರೂ ಬೇಸರ, ಮನಸ್ಸು ಮುರಿದರೂ ಬೇಸರ. ಕೇಳುವವರು ತಮಗೆ ಸುಲಭವಾದ ಅರ್ಥವನ್ನೇ ಹಿಡಿದುಕೊಂಡು ಬಿಡುತ್ತಾರೆ.

ಹೇಳಿದ ಮೇಲೆ ಒಂದು ಮೌನ ಬರುತ್ತದೆ. ಅದನ್ನು ತುಂಬಲು ಹೋಗಬೇಡಿ. ‘ಪರವಾಗಿಲ್ಲ ಬಿಡಿ’ ಅನ್ನಬೇಡಿ. ನಮಗೆಲ್ಲ ಇದೊಂದು ಚಟ, ಹೇಳಿದ್ದನ್ನು ನಾವೇ ವಾಪಸು ತೆಗೆದುಕೊಂಡು ಬಿಡುತ್ತೇವೆ. ನಾನು ಹೀಗೆ ಎರಡು ಸಲ ಹೇಳಿ ನೋಡಿದ್ದೇನೆ. ಒಬ್ಬರು ಅಲ್ಲೇ ತಲೆ ತಗ್ಗಿಸಿ, ಮುಂದಿನ ವಾರ ಮ್ಯಾನೇಜರ್ ಹತ್ತಿರ ಹೋಗಿ ನಿಜ ಹೇಳಿದರು. ಇನ್ನೊಬ್ಬರು ಎದ್ದು ಹೋದರು, ಇವತ್ತಿಗೂ ಮಾತಿಲ್ಲ. ಎರಡನೆಯದಕ್ಕೂ ನನಗೆ ಪಶ್ಚಾತ್ತಾಪವಿಲ್ಲ. ನಿಮ್ಮ ನೋವನ್ನೇ ಮಸಾಲೆ ಮಾಡಿ ಹಂಚುವ ಜನರಾಗಿದ್ದರೆ ಮಾತ್ರ ಬಿಡಿ, ಅವರಿಗೆ ಹೇಳಿ ಏನೂ ಬರುವುದಿಲ್ಲ.

‘ತುಂಬಾ ಸೂಕ್ಷ್ಮ’ ಎಂಬ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆದದ್ದು ಏನು ಎಂಬ ಮಾತನ್ನು ನೀವು ಎಂಥವರು ಎಂಬ ಕಡೆಗೆ ತಿರುಗಿಸುವ ಉಪಾಯ ಅದು. ‘ಇರಬಹುದು. ಮೀಟಿಂಗಿನಲ್ಲಿ ಆದದ್ದು ಮಾತ್ರ ನಿಜ’ ಅಂದುಬಿಡಿ.

ಇನ್ನು ಸಂಸ್ಥೆ. ಕಾಯಬೇಕಾದವರೇ ಕೈಬಿಟ್ಟರೆ ನೋವು ಹೆಚ್ಚು. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ನಾವು ಹೇಳುವುದಿಲ್ಲವೇ, ಅದನ್ನೇ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ ‘ಸಾಂಸ್ಥಿಕ ದ್ರೋಹ’ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದರು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ವಿದ್ಯಾರ್ಥಿನಿಯರ ಬಗ್ಗೆ 2013ರಲ್ಲಿ ಬಂದ ಅವರ ಅಧ್ಯಯನದಲ್ಲಿ, ಸಂಸ್ಥೆಯೂ ಕೈಬಿಟ್ಟಿತು ಎಂದವರಿಗೆ ಆತಂಕದಂಥ ತೊಂದರೆಗಳು ಇನ್ನೂ ಜಾಸ್ತಿ ಇದ್ದವು. ನಿಮ್ಮದು ಅಷ್ಟು ದೊಡ್ಡದಲ್ಲ, ನಿಜ. ಆದರೆ ಒಂದು ಸಾಲಿನ ಇಮೇಲ್ ಮೀಟಿಂಗಿಗಿಂತ ಯಾಕೆ ಜಾಸ್ತಿ ಚುಚ್ಚಿತು ಎಂಬುದಕ್ಕೆ ಸುಳಿವು ಇಲ್ಲಿದೆ.

ಆ ಇಮೇಲನ್ನು ಮತ್ತೊಮ್ಮೆ ನೋಡಿ. ‘ಗಮನಿಸಲಾಗಿದೆ.’ ಯಾರು ಗಮನಿಸಿದರು? ‘ಪರಿಶೀಲಿಸಲಾಗುವುದು’, ‘ವಿಷಾದಿಸಲಾಗುತ್ತದೆ’. ಈ ‘ಲಾಗಿದೆ’ ಎಂಬ ಬಾಲವಿದೆಯಲ್ಲ, ಅದು ನಮ್ಮ ವಿಭಾಗದ ಮುಖ್ಯ ಆಯುಧ. ವಾಕ್ಯ ಪೂರ್ತಿಯಾಗುತ್ತದೆ, ಮನುಷ್ಯ ಮಾತ್ರ ಮಾಯ. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ಕಲಿಸಿದ್ದೇನೆ. ಹಾಗಾಗಿ ನಿಮ್ಮ ಮುಂದಿನ ಪತ್ರದಲ್ಲಿ ಕೇಳಿ: ‘ನನ್ನ ಪತ್ರವನ್ನು ಓದಿದವರು ಯಾರು? ಮುಂದಿನ ಕ್ರಮ ಯಾರದ್ದು, ಯಾವ ದಿನದೊಳಗೆ?’ ನಮಗೆ ಇಂಥ ಪತ್ರ ಬಂದರೆ ಸಿದ್ಧ ಉತ್ತರ ಹಾಕಲು ಕೈ ಬರುತ್ತಿರಲಿಲ್ಲ.

ಆಮೇಲೆ ಕಾಲಂ ತುಂಬಿ. ಮೀಟಿಂಗ್ ಯಾವತ್ತು, ತಪ್ಪು ನಿಮ್ಮದಲ್ಲ ಎಂದು ತೋರಿಸುವ ದಾಖಲೆ ಯಾವುದು, ಏನು ಬೇಕು. ಈ ‘ಏನು ಬೇಕು’ ಎಂಬಲ್ಲಿ ನೊಂದವರು ಎಡವುತ್ತಾರೆ. ‘ನ್ಯಾಯ ಬೇಕು’ ಅಂತ ಬರೆದರೆ ಸಂಸ್ಥೆಗೆ ಅದು ಏನೂ ಬೇಡ ಅಂದಂತೆ. ‘ಮೀಟಿಂಗಿನ ಟಿಪ್ಪಣಿಯಲ್ಲಿ ನನ್ನ ಹೆಸರಿನ ಮುಂದೆ ಬರೆದದ್ದನ್ನು ತಿದ್ದಿ, ಅಲ್ಲಿದ್ದ ಎಲ್ಲರಿಗೂ ಕಳಿಸಿ’ ಅಂತ ಬರೆಯಿರಿ. ಕೊನೆಯಲ್ಲಿ ಒಂದೇ ಒಂದು ಸಾಲು ನಿಮ್ಮ ನೋವಿನದ್ದು ಇರಲಿ. ಆ ಕಡೆ ಓದುವವರೂ ಮನುಷ್ಯರೇ. ಅವರ ತಲೆಯಲ್ಲಿ ಉಳಿಯುವುದು ಆ ಸಾಲೇ. ಕೆಲಸ ಮಾಡುವುದು ಮಾತ್ರ ಉಳಿದ ಸಾಲುಗಳು.

ಬರೆದ ರಾತ್ರಿಯೇ ಕಳಿಸಬೇಡಿ. ಕಳಿಸದ ಪತ್ರ ಒಂದನ್ನು ಬೇಕಾದರೆ ಬೇರೆಯೇ ಬರೆದಿಟ್ಟುಕೊಳ್ಳಿ, ಅದರಲ್ಲಿ ಎಷ್ಟು ಬೇಕಾದರೂ ಅತ್ತುಕೊಳ್ಳಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಇಂಥ ಬರವಣಿಗೆಯ ಬಗ್ಗೆ ಪ್ರಯೋಗ ಮಾಡಿದ್ದಾರೆ, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ. ಲಾಭ ಇದೆ, ಆದರೆ ಚಿಕ್ಕದು. ನನಗಂತೂ ಅಷ್ಟೇ ಸಾಕಾಗಿದೆ.

ಹೇಳಲೇಬೇಕು ಅಂತ ನಾನು ಒತ್ತಾಯ ಮಾಡುವುದಕ್ಕೆ ಇನ್ನೂ ಒಂದು ಕಾರಣವಿದೆ. ಬ್ರಿಟನ್ನಿನ ಅಂಚೆ ಸಂಸ್ಥೆಯ ಕಥೆ ಕೇಳಿರಬಹುದು. ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸುತ್ತಿತ್ತು. ಅದನ್ನು ನಂಬಿ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಸಬ್ ಪೋಸ್ಟ್‌ಮಾಸ್ಟರ್‌ಗಳಿಗೆ ಕಳ್ಳತನ, ವಂಚನೆಯಂಥ ಆರೋಪಗಳಲ್ಲಿ ಶಿಕ್ಷೆಯಾಯಿತು. ಸಹಾಯವಾಣಿಗೆ ಫೋನ್ ಮಾಡಿದ ಹಲವರಿಗೆ ಸಿಕ್ಕ ಉತ್ತರ ಒಂದೇ: ಈ ತೊಂದರೆ ನಿಮಗೊಬ್ಬರಿಗೇ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ, ತಮ್ಮ ಊರಿನ ಕಣ್ಣೆದುರು, ಒಬ್ಬರೇ ಕುಗ್ಗಿದರು. 2009ರಲ್ಲಿ ಅವರಂತೆಯೇ ಅಂಚೆ ಕಚೇರಿ ನಡೆಸುತ್ತಿದ್ದ ಅಲನ್ ಬೇಟ್ಸ್ ಮತ್ತು ಇತರರು ಒಂದು ಹಳ್ಳಿಯ ಸಭಾಂಗಣದಲ್ಲಿ ಸೇರಿದಾಗಲೇ ಆ ‘ಒಬ್ಬರಿಗೇ’ ಎಷ್ಟು ದೊಡ್ಡ ಸುಳ್ಳು ಅಂತ ತಿಳಿದದ್ದು. ಆಮೇಲೆ 555 ಜನ ಸೇರಿ ಕೋರ್ಟಿಗೆ ಹೋದರು. ಆ ವ್ಯವಸ್ಥೆಯಲ್ಲೇ ದೋಷಗಳಿದ್ದವು ಅಂತ 2019ರಲ್ಲಿ ಹೈಕೋರ್ಟ್ ಹೇಳಿತು. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬರಲು 2024 ಆಗಬೇಕಾಯಿತು. ಆ ಹೊತ್ತಿಗೆ ಕೆಲವರು ತೀರಿಕೊಂಡೇ ಹೋಗಿದ್ದರು.

ನಿಮ್ಮ ಆಫೀಸಿನಲ್ಲೂ ಇದು ನಿಮಗೊಬ್ಬರಿಗೇ ಆಗಿದೆಯಾ? ಮೊದಲು ಒಂದಿಬ್ಬರನ್ನು ಮೆತ್ತಗೆ ಕೇಳಿ ನೋಡಿ. ಕೆಲಸಕ್ಕೇ ಕುತ್ತು ಬರುವ ಹಾಗಿದ್ದರೆ ಇನ್ನೂ ಮೆತ್ತಗೆ.

‘ಜನ ಎಲ್ಲ ಇಷ್ಟೇ’ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ‘ದಾರಿಯಲ್ಲಿ ಸಿಕ್ಕಿತು’ ಅಂತ ಬ್ಯಾಂಕು, ಹೋಟೆಲು, ಪೊಲೀಸ್ ಠಾಣೆ ಇಂಥ ಕಡೆಯ ಕೌಂಟರುಗಳಲ್ಲಿ ಕೊಟ್ಟು ಬಂದರು. ದುಡ್ಡಿಲ್ಲದ ಪರ್ಸಿನ ವಾರಸುದಾರರಿಗೆ ಸುದ್ದಿ ಮುಟ್ಟಿಸಿದವರು ಸುಮಾರು ಶೇ. 40. ದುಡ್ಡಿದ್ದ ಪರ್ಸಿಗೆ ಶೇ. 51. ಉಲ್ಟಾ ಆಗುತ್ತದೆ ಅಂತಲೇ ಹೆಚ್ಚಿನವರು ಊಹಿಸಿದ್ದರು, ಅರ್ಥಶಾಸ್ತ್ರಜ್ಞರ ಊಹೆಯೂ ಸರಿಹೋಗಲಿಲ್ಲ. ಆ ಕೌಂಟರುಗಳ ಹಿಂದೆ ಇದ್ದವರು ನನ್ನಂಥವರೇ.

ಆ ಕುರ್ಚಿ ಏನಾಯಿತು ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ. ಪತ್ರ ಮುಚ್ಚಿದ ಎರಡು ವಾರಕ್ಕೆ ಒಂದು ದಿನ ಬೆಳಿಗ್ಗೆ ಬೇಗ ಹೋಗಿ ಫೈಲುಗಳನ್ನು ತೆಗೆದು ಕಪಾಟಿನ ಮೇಲಿಟ್ಟೆ. ಮಧ್ಯಾಹ್ನ ಒಬ್ಬರು ಅಜ್ಜಿ ಅದರ ಮೇಲೆ ಕೂತಿದ್ದರು. ಮರುದಿನ ನೋಡಿದರೆ ಬೇರೆ ಫೈಲುಗಳು ಬಂದು ಕೂತಿದ್ದವು. ಮತ್ತೆ ತೆಗೆದೆ. ಕೆಲಸ ಬಿಡುವ ತನಕ ಅದು ಹೀಗೇ ನಡೆಯಿತು. ಪತ್ರ ಬರೆದವರಿಗೆ ಮಾತ್ರ ಇದನ್ನು ತಿಳಿಸಲಿಲ್ಲ. ಅವರ ವಿಳಾಸ ಫೈಲಿನಲ್ಲಿತ್ತು.