ದೇವದುರ್ಗದ ಕಡೆ ಮಗು ಶಾಲೆಗೆ ಬರದಿದ್ದರೆ ಯಾರು ಹೋಗಿ ಕೇಳ್ತಾರೆ?

ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಸಮಾಜ ಕಾರ್ಯಕರ್ತರು ಇರ್ತಾರಾ ಅಂತ ಕೇಳಿದ್ದೀರಿ. ನಮ್ಮ ಹಳ್ಳಿ ಶಾಲೆಗಳಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಕೆಲಸ ಮಾತ್ರ ಬೇಕಾದಷ್ಟಿದೆ. ಅಮೆರಿಕದ ನ್ಯೂಯಾರ್ಕ್, ಬಾಸ್ಟನ್ ಕಡೆ 1906ರ ಸುಮಾರಿಗೇ ಮಕ್ಕಳ ಮನೆಗೆ ಹೋಗಿಬರಲು ಅಂತಲೇ ಜನ ಇದ್ದರು. ನಮ್ಮಲ್ಲಿ ಹೆಡ್ ಮಾಸ್ತರು, ಸಿಆರ್‌ಪಿ (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ), ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಅಂಗನವಾಡಿ ಟೀಚರ್, ಆಶಾ ಅಕ್ಕ, ನಮ್ಮಂಥ ಸಂಸ್ಥೆಯವರು ಅದನ್ನು ಹಂಚಿಕೊಂಡು ಮಾಡ್ತೀವಿ.

ದೀಪಾವಳಿ ಮುಗಿಯುತ್ತಿದ್ದಂತೆ ಇಲ್ಲಿ ಹತ್ತಿ ಬಿಡಿಸುವ ಕಾಲ. ಕೂಲಿ ಕೆಜಿ ಲೆಕ್ಕದಲ್ಲಿ. ಬಿಡಿಸುವ ಕೈ ಜಾಸ್ತಿ ಇದ್ದಷ್ಟೂ ಜಾಸ್ತಿ ದುಡ್ಡು. ಬೆಳಿಗ್ಗೆ ಟಂಟಂ ಆಟೊ ಬಂದು ನಿಂತರೆ ಅವ್ವನ ಜೊತೆ ಮಕ್ಕಳೂ ಹತ್ತುತ್ತಾರೆ. ಆಮೇಲೆ ಮೆಣಸಿನಕಾಯಿ. ಅದೂ ಮುಗಿದರೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ, ಅಂದರೆ ಕೂಲಿಗಾಗಿ ವಲಸೆ.

ಒಂದು ಮನೆ ಹೇಳ್ತೀನಿ. ಆರನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟಿದ್ದಳು. ಓದಿನಲ್ಲಿ ಆಸಕ್ತಿ ಇಲ್ಲ ಅಂತ ಶಾಲೆಯಲ್ಲಿ ಬರೆದುಕೊಂಡಿದ್ದರು. ಮನೆಗೆ ಹೋದರೆ ಅವಳ ಸೊಂಟದ ಮೇಲೆ ಎಂಟು ತಿಂಗಳ ತಮ್ಮ. ಅವ್ವ ಕೇಳಿದಳು, "ಅಕಿ ಸಾಲಿಗಿ ಹ್ವಾದ್ರ ಕೂಸಿನ್ನ ಯಾರ್ ನೋಡ್ಕೋಬೇಕ್ರಿ ಅಕ್ಕಾರ?" ಇದಕ್ಕೆ ಬುದ್ಧಿಮಾತು ಉತ್ತರ ಅಲ್ಲ. ಕೂಸನ್ನು ಪಂಚಾಯ್ತಿಯ ಕೂಸಿನ ಮನೆಗೆ ಸೇರಿಸಿದೆವು. ಅಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅಲ್ಲಿನ ಆಯಾ ಪರಿಚಯದವಳು ಅಂತ ಗೊತ್ತಾದ ಮೇಲೇ ಅವ್ವ ಒಪ್ಪಿದ್ದು. ಹುಡುಗಿ ಸೋಮವಾರ ಶಾಲೆಗೆ ಬಂದಳು. ಕ್ಲಾಸಿನಲ್ಲಿ ಯಾರೂ "ಇಷ್ಟು ದಿನ ಎಲ್ಲಿದ್ದೆ" ಅಂತ ಕೇಳಬಾರದು ಅಂತ ಟೀಚರಿಗೆ ಮೊದಲೇ ಹೇಳಿಟ್ಟಿದ್ದೆವು. ಅದು ಬಹಳ ಮುಖ್ಯ. ನಾಚಿಕೆಯಾದರೆ ಮಗು ಮತ್ತೆ ಬರಲ್ಲ.

ಗುಳೆಯಿಂದ ವಾಪಸ್ ಬಂದ ಮಕ್ಕಳದ್ದು ಬೇರೆ ತಾಪತ್ರಯ. ಟಿಸಿ ಇರಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತು ಅಂತ ದಾಖಲಾತಿ ನಿಲ್ಲಿಸುವಂತಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು. ಇದು ತಂದೆತಾಯಿಗೆ ಗೊತ್ತಿರಲ್ಲ. ಜೊತೆಗೆ ಹೋಗಿ ನಿಲ್ಲುವವರು ಒಬ್ಬರು ಬೇಕು.

ದೇವದಾಸಿ ತಾಯಂದಿರ ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಸಂಕಟ. ದೇವರಿಗೆ ಬಿಡುವುದನ್ನು 1982ರಲ್ಲೇ ಕಾನೂನು ನಿಷೇಧಿಸಿದೆ. ಆದರೂ ಆ ಮನೆಗಳು ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಇವೆ. ಎಲ್ಲರೆದುರು "ನಿಮ್ಮಪ್ಪನ ಹೆಸರೇನು" ಅಂತ ಒಬ್ಬ ಮಾಸ್ತರು ಕೇಳಿದರೆ ಸಾಕು, ಆ ಮಗು ತಲೆ ಎತ್ತಲ್ಲ. ಹಾಗಾಗಿ ಅರ್ಜಿಯನ್ನು ನಾವೇ ತಾಯಿ ಜೊತೆ ಕೂತು ತುಂಬಿಸಿ, ಮಾಸ್ತರ ಕೈಗೆ ಕೊಟ್ಟು ಬರ್ತೀವಿ.

ಎಂಟನೇ ಕ್ಲಾಸು ದಾಟಿದ ಹುಡುಗಿಯರಿಗೆ ಮದುವೆ ಭಯ. ಹೈಸ್ಕೂಲು ಪಕ್ಕದ ಊರಲ್ಲಿ. ಶಕ್ತಿ ಯೋಜನೆ ಬಂದು 2023ರಿಂದ ಹುಡುಗಿಯರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಬಸ್ಸು ಶಾಲೆ ಟೈಮಿಗೆ ಬರಬೇಕಲ್ವಾ? ಬಸ್ಸಿಗಾಗಿ ಡಿಪೋಗೆ ಅರ್ಜಿ ಕೊಡೋದೂ ನಮ್ಮ ಕೆಲಸವೇ. ನಿಶ್ಚಿತಾರ್ಥದ ಸುದ್ದಿ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ತೀವಿ. ಮದುವೆ ನಿಂತರೆ ಅಧಿಕಾರಿಗಳು ಹೊರಟು ಹೋಗ್ತಾರೆ. ಹುಡುಗಿ ಸಿಟ್ಟಿನ ಮನೆಯಲ್ಲೇ ಉಳೀತಾಳೆ. ಆಮೇಲೂ ಹೋಗಿಬರಬೇಕು, ಹುಡುಗಿಯರ ವಸತಿ ಶಾಲೆಯಾದ ಕಸ್ತೂರಬಾ ಶಾಲೆಯಲ್ಲೋ ಹಾಸ್ಟೆಲ್‌ನಲ್ಲೋ ಸೀಟು ಕೇಳಬೇಕು, ಅಪ್ಪನ ಜೊತೆ ಸಾಲದ ಮಾತೂ ಆಡಬೇಕು. ಇದನ್ನು ಪಾಠ ಮುಗಿಸಿ ದಣಿದ ಮಾಸ್ತರ ತಲೆಗೆ ಕಟ್ಟುವುದು ತಪ್ಪು. ಪ್ರತಿ ಕ್ಲಸ್ಟರ್‌ಗೆ ಇದಕ್ಕೆಂದೇ ಒಬ್ಬರನ್ನು ಸರ್ಕಾರ ನೇಮಿಸಲೇಬೇಕು.

ನೋಡಲು ಬರುವುದಾದರೆ ಜೂನ್‌ನಲ್ಲಿ ಬರಬೇಡಿ, ಆಗ ಹಾಜರಿ ಪುಸ್ತಕ ತುಂಬಿರುತ್ತೆ. ಡಿಸೆಂಬರ್‌ನಲ್ಲಿ ಬನ್ನಿ. ಮನೆಗಳಿಗೆ ಸಂಜೆ ಏಳರ ಮೇಲೆ ಹೋಗೋಣ, ಹಗಲು ಯಾರೂ ಸಿಗಲ್ಲ.