ಅಂಗಡಿಯ ಡಕ್ಟ್ ಎಸಿಗೆ ಟೈಮ್ ಸೆಟ್ ಮಾಡೋ ಥರ್ಮೋಸ್ಟಾಟ್ ನಾವೇ ಹಾಕ್ಕೋಬಹುದಾ?

ದಾವಣಗೆರೆ ಚೌಕಿಪೇಟೆ ಹತ್ರ ಬಟ್ಟೆ ಅಂಗಡಿ, ಫಾಲ್ಸ್ ಸೀಲಿಂಗ್ ಒಳಗೆ ಐದೂವರೆ ಟನ್ನಿನ ಡಕ್ಟ್ ಎಸಿ, ಗೋಡೆ ಮೇಲೆ ತಿರುಗಿಸೋ ಹಳೇ ಥರ್ಮೋಸ್ಟಾಟ್ (ಬಿಸಿ ನೋಡ್ಕೊಂಡು ಎಸಿನ ಆನ್ ಆಫ್ ಮಾಡೋದು), ಈಗ ನಿಮ್ಮ ಭಾವ ಅಮೆರಿಕಾದಿಂದ ಬರೋವಾಗ ಪ್ರೋಗ್ರಾಮ್ ಮಾಡೋ ಅಂಥ ಡಿಜಿಟಲ್ ಥರ್ಮೋಸ್ಟಾಟ್ ಒಂದು ತಂದಿದಾರೆ, ಅದನ್ನ ನಾವೇ ಹಾಕ್ಕೋಬಹುದಾ ಅಂತ ತಾನೆ ಸರ್ ನಿಮ್ಮ ಪ್ರಶ್ನೆ. ಪ್ರೋಗ್ರಾಮ್ ಮಾಡೋ ಥರ್ಮೋಸ್ಟಾಟ್ ಖಂಡಿತ ಹಾಕ್ಸಿ, ಅಂಗಡಿಗೆ ತುಂಬಾ ಒಳ್ಳೇದು. ಆದ್ರೆ ಭಾವ ತಂದಿರೋದನ್ನ ಮಾತ್ರ ಬೇಡ್ರಿ. ಮಾಲು ಕೆಟ್ಟದು ಅಂತಲ್ಲ, ನಮ್ಮ ಗೋಡೆ ಒಳಗಿನ ವೈರಿಗೂ ಅದಕ್ಕೂ ಹೊಂದಲ್ಲ. ನಾನು ದಾವಣಗೆರೆ, ಹರಿಹರ, ಚಿತ್ರದುರ್ಗ ಈ ಕಡೆಯೆಲ್ಲ ಎಸಿ ಕೆಲ್ಸ ಮಾಡೋನು, ನಾನು ಎಲ್ರಿಗೂ ಹೇಳೋದು ಇದೇ, ಥರ್ಮೋಸ್ಟಾಟ್ ಆರಿಸೋದು ಡಬ್ಬಿ ಮೇಲೆ ಬರ್ದಿರೋದನ್ನ ನೋಡಿ ಅಲ್ಲ, ಗೋಡೆ ಒಳಗಿಂದ ಯಾವ ವೈರ್ ಬಂದೈತೆ ಅಂತ ನೋಡಿ.

ಅಮೆರಿಕಾದ ಮನೆಗಳಲ್ಲಿ ಥರ್ಮೋಸ್ಟಾಟ್‌ಗೆ ಹೋಗೋದು ಬರೀ 24 ವೋಲ್ಟ್ ಕರೆಂಟ್. ಮೆಷಿನ್ ಒಳಗೇ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತೆ, ಅಲ್ಲಿಂದ ತೆಳ್ಳನೆ ವೈರ್ ಗೋಡೆಗೆ ಬರುತ್ತೆ. ನಿಮ್ಮ ಕೈಲಿರೋದರ ಹಿಂದೆ ನೋಡಿ, ಆರ್, ಸಿ, ವೈ, ಜಿ, ಡಬ್ಲ್ಯೂ ಅಂತ ಅಕ್ಷರ ಇರುತ್ತೆ. ಆರ್ ಅಂದ್ರೆ 24 ವೋಲ್ಟ್ ಬರೋ ವೈರ್, ಸಿ ಅದರ ವಾಪಸ್ ದಾರಿ, ವೈ ಕಂಪ್ರೆಸರ್‌ಗೆ, ಜಿ ಫ್ಯಾನ್‌ಗೆ, ಡಬ್ಲ್ಯೂ ಹೀಟಿಂಗ್‌ಗೆ. ನಮ್ಮಲ್ಲಿ ಹಳೇ ಡಕ್ಟ್ ಎಸಿಗಳ ಗೋಡೆ ಥರ್ಮೋಸ್ಟಾಟ್‌ಗೆ ಬಹುತೇಕ ನೇರ 230 ವೋಲ್ಟ್ ಬಂದಿರುತ್ತೆ. ಆ ಆರ್‌ಗೆ ನಮ್ಮ ಫೇಸ್ ಕೊಟ್ರೆ ಬೋರ್ಡ್ ಅಲ್ಲೇ ಸುಟ್ಟು ಹೋಗುತ್ತೆ, ಕೈ ಹಾಕಿದೋರಿಗೂ ಅಪಾಯ. ಬೇರೆ ಟ್ರಾನ್ಸ್‌ಫಾರ್ಮರ್, ರಿಲೇ (ಕರೆಂಟಿಂದಲೇ ಆನ್ ಆಫ್ ಆಗೋ ಚಿಕ್ಕ ಸ್ವಿಚ್) ಎಲ್ಲ ಹಾಕಿ ನಡೆಸಬಹುದು ನಿಜ, ಆದ್ರೆ 24 ವೋಲ್ಟ್ ವೈರನ್ನ 230ರ ಪೈಪ್‌ನಲ್ಲೇ ಎಳೀಬಾರ್ದು, ಅದಕ್ಕೆ ಬೇರೆ ಪೈಪ್ ಬೇಕು, ಅಂಗಡಿ ಗೋಡೆ ಕೊರೀಬೇಕು, ಅಷ್ಟೆಲ್ಲ ಖರ್ಚು ಮಾಡೋಷ್ಟು ಲಾಭ ಅದ್ರಲ್ಲಿ ಇಲ್ಲ. ಭಾವನ ಕೈಲಿ ವಾಪಸ್ ಕಳಿಸಿ, ಅಲ್ಲಿ ಅವ್ರ ಮನೆಗೇ ಆಗುತ್ತೆ.

ನಿಮಗೆ ಬೇಕಿರೋದು ಇಲ್ಲೇ ಸಿಗೋ 230 ವೋಲ್ಟಿಂದು, ಅಂಗಡಿಯೋರು ಎಫ್‌ಸಿಯು (ಫ್ಯಾನ್ ಕಾಯಿಲ್ ಯೂನಿಟ್) ಥರ್ಮೋಸ್ಟಾಟ್ ಅಂತಾರೆ. ಅದರಲ್ಲಿ ಎಲ್, ಎನ್, ಆಮೇಲೆ ಫ್ಯಾನಿನ ಹೈ, ಮೀಡಿಯಂ, ಲೋ, ಇನ್ನೊಂದು ವಾಲ್ವ್ ಅಂತ ಟರ್ಮಿನಲ್ ಇರುತ್ತೆ. ದೊಡ್ಡ ಕಟ್ಟಡಗಳಲ್ಲಿ ತಣ್ಣೀರಿನ ವಾಲ್ವ್ ತೆರೆಯೋಕೆ ಅಂತ ಮಾಡಿರೋದು ಅದು, ನಮ್ಮ ಡಕ್ಟ್ ಎಸಿಯಲ್ಲಿ ಅದೇ ವಾಲ್ವ್ ಟರ್ಮಿನಲ್ಲಿಂದ ಹೊರಗಿನ ಯೂನಿಟ್ಟಿನ ಕಾಂಟ್ಯಾಕ್ಟರ್ (ಕಂಪ್ರೆಸರನ್ನ ಆನ್ ಆಫ್ ಮಾಡೋ ದೊಡ್ಡ ಸ್ವಿಚ್) ಕಾಯಿಲ್‌ಗೆ ಕೊಡ್ತೀವಿ. ಕಾಯಿಲ್ ಎಷ್ಟು ವೋಲ್ಟಿಂದು ಅಂತ ಕಾಂಟ್ಯಾಕ್ಟರ್ ಮೇಲೇ ಬರ್ದಿರುತ್ತೆ, 230 ಇದ್ರೆ ಸರಿ, 415 ಅಥವಾ 24 ಇದ್ರೆ ಹಂಗೇ ಕೊಡೋ ಹಾಗಿಲ್ಲ.

ಈಗ ಎಲ್ರೂ ಸಿಕ್ಕಿಹಾಕ್ಕೊಳೋ ಜಾಗ ಯಾವುದು ಅಂದ್ರೆ ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್. ಹಳೇ ತಿರುಗಿಸೋ ಥರ್ಮೋಸ್ಟಾಟ್‌ಗೆ ನ್ಯೂಟ್ರಲ್ ಬೇಕಿರಲಿಲ್ಲ, ಒಳಗೆ ಗ್ಯಾಸ್ ತುಂಬಿರೋ ತಗಡಿನ ಡಬ್ಬಿ ಬಿಸಿಗೆ ಉಬ್ಬಿ ಸ್ವಿಚ್ ಒತ್ತುತ್ತಿತ್ತು ಅಷ್ಟೆ, ಫೇಸ್ ಬಂತು ಫೇಸ್ ಹೋಯ್ತು. ಡಿಜಿಟಲ್‌ಗೆ ತಾನೇ ನಡೆಯೋಕೆ ಕರೆಂಟ್ ಬೇಕು, ಅಂದ್ರೆ ನ್ಯೂಟ್ರಲ್ ಬೇಕೇ ಬೇಕು. ಬಾಕ್ಸ್ ತೆರೆದಾಗ ನ್ಯೂಟ್ರಲ್ ಇಲ್ಲ ಅಂತ ಗೊತ್ತಾದ ಮೇಲೆ ಕೆಲವರು ಅಲ್ಲೇ ಇರೋ ಹಸಿರು ಅರ್ಥ್ ವೈರನ್ನ ನ್ಯೂಟ್ರಲ್ ಮಾಡಿಬಿಡ್ತಾರೆ, ಡಿಸ್ಪ್ಲೇನೂ ಹತ್ತುತ್ತೆ, ಕೆಲ್ಸ ಮುಗೀತು ಅಂತ ಹೋಗ್ತಾರೆ. ಇದನ್ನ ಯಾರು ಹೇಳಿದ್ರೂ ಒಪ್ಪಬೇಡಿ ಸರ್. ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಬ್ರೇಕರ್) ಇದ್ರೆ ಟ್ರಿಪ್ ಆಗಬಹುದು, ಇಲ್ದಿದ್ರೆ ಎಲ್ಲೋ ಅರ್ಥ್ ಕಟ್ ಆದ ದಿನ ಎಸಿಯ ತಗಡಿಗೆಲ್ಲ ಕರೆಂಟ್ ಬರುತ್ತೆ, ಅಂಗಡಿಯಲ್ಲಿ ಮಕ್ಕಳು ಹೆಂಗಸರು ಓಡಾಡ್ತಿರ್ತಾರೆ. ನ್ಯೂಟ್ರಲ್ ಇಲ್ಲ ಅಂದ್ರೆ ದಾರಿ ಎರಡೇ, ಪೈಪಲ್ಲಿ ಜಾಗ ಇದ್ರೆ ಹೊಸ ನ್ಯೂಟ್ರಲ್ ಎಳೆಸೋದು, ಇಲ್ಲಾ ಪೆನ್ಸಿಲ್ ಸೆಲ್ಲಲ್ಲಿ ನಡೆಯೋ, 230 ವೋಲ್ಟ್ ತಡೆಯೋ ಬರೀ ಸ್ವಿಚ್ಚಿನ ಥರ ಕೆಲ್ಸ ಮಾಡೋ ಕಾಂಟ್ಯಾಕ್ಟ್ ಇರೋ ಮಾಡೆಲ್ ತಗೊಳೋದು.

ಇನ್ನೊಂದು ಆಂಪಿಯರ್ ಲೆಕ್ಕ. ಈ ಥರ್ಮೋಸ್ಟಾಟ್‌ಗಳಲ್ಲಿ 3 ಆಂಪಿಯರಿಂದು ಇರುತ್ತೆ, 16 ಆಂಪಿಯರಿಂದೂ ಇರುತ್ತೆ. 16 ಅಂತ ಬರ್ದಿದೆ ಅಂದ ಮಾತ್ರಕ್ಕೆ ಮೋಟಾರ್ ನೇರ ಕೊಡಬೇಡಿ, ಆ 16 ಸಾಮಾನ್ಯವಾಗಿ ಹೀಟರ್ ಥರದ ಲೋಡಿಗೆ ಹೇಳಿದ್ದು, ಮೋಟಾರ್ ಸ್ಟಾರ್ಟ್ ಆಗೋವಾಗ ಎಳೆಯೋದು ಅದರ ಪ್ಲೇಟಿನ ಮೇಲೆ ಬರ್ದಿರೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಕಂಪ್ರೆಸರ್ ಯಾವತ್ತೂ ಕಾಂಟ್ಯಾಕ್ಟರ್ ಮೂಲಕವೇ, ಬ್ಲೋವರ್ (ಒಳಗಿನ ಗಾಳಿ ತಳ್ಳೋ ಫ್ಯಾನ್) ಮೋಟಾರಿನ ಪ್ಲೇಟ್ ನೋಡಿ ಅದಕ್ಕೂ ರಿಲೇ ಬೇಕಾ ಅಂತ ತೀರ್ಮಾನ ಮಾಡ್ಬೇಕು. ಹೊರಗಿನ ಯೂನಿಟ್ ತ್ರೀ ಫೇಸ್ ಆಗಿದ್ರೆ ಆ ಪ್ಯಾನೆಲ್‌ಗೆ ನೀವು ಕೈ ಹಾಕಲೇಬೇಡಿ, ಸ್ಕ್ರೋಲ್ ಕಂಪ್ರೆಸರ್‌ಗೆ ಎರಡು ಫೇಸ್ ಅದಲು ಬದಲಾದ್ರೆ ಉಲ್ಟಾ ತಿರುಗುತ್ತೆ, ಜೋರು ಸದ್ದು ಬರುತ್ತೆ, ತಣ್ಣಗೂ ಆಗಲ್ಲ, ಹಂಗೇ ಬಿಟ್ರೆ ಹಾಳು.

ಹಂಗಾದ್ರೆ ನೀವೇ ಮಾಡ್ಕೊಳೋದು ಏನು? ಮೊದಲು ಎಂಸಿಬಿ ಆಫ್ ಮಾಡಿ, ಹಳೇದರ ಮುಚ್ಚಳ ತೆಗೆದು ಯಾವ ವೈರ್ ಯಾವ ಟರ್ಮಿನಲ್‌ನಲ್ಲಿ ಐತೆ ಅಂತ ಮೊಬೈಲಲ್ಲಿ ಫೋಟೋ ತೆಗೀರಿ, ಕರೆಂಟ್ ಇಲ್ಲ ಅಂತ ನೋಡ್ಕೊಂಡ ಮೇಲೆ ಒಂದೊಂದಕ್ಕೂ ಟೇಪ್ ಸುತ್ತಿ ಹೆಸ್ರು ಬರೀರಿ. ಬಣ್ಣ ನಂಬಬೇಡಿ, ನಮ್ಮೂರ ವೈರಿಂಗಲ್ಲಿ ಅವತ್ತು ಯಾವ ಬಣ್ಣದ ವೈರಿನ ಸುರುಳಿ ಕೈಗೆ ಸಿಕ್ಕಿತ್ತೋ ಅದೇ ಎಳೆದಿರ್ತಾರೆ. ಬರೀ ಟೆಸ್ಟರ್ ಸಾಲಲ್ಲ, ಮಲ್ಟಿಮೀಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಾತ್ರಿ ಆದ ಮೇಲೆ ವೈರ್ ಮುಟ್ಟಿ. ಹೊಸದರ ಸ್ಕ್ರೂ ಅಂತರ ಸಾಮಾನ್ಯವಾಗಿ 60 ಮಿಲಿಮೀಟರ್ ಇರುತ್ತೆ, ನಮ್ಮ ತಗಡಿನ ಬಾಕ್ಸಿಗೆ ಕೂರದೇ ಇರಬಹುದು, ಅದಕ್ಕೆ ತಗೊಳೋವಾಗ್ಲೇ ಅದರ ಅಳತೆಯ ಬಾಕ್ಸನ್ನೂ ಕೇಳಿ. ಜೋಡಣೆ ಮಾತ್ರ ಎಸಿ ಕೆಲ್ಸ ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ, 230 ವೋಲ್ಟ್ ವಿಷಯ. ಸೆಟ್ಟಿಂಗ್ ಪೂರ್ತಿ ನೀವೇ ಮಾಡ್ರಿ, ಯಾಕಂದ್ರೆ ಅಂಗಡಿ ಯಾವಾಗ ತೆಗೀತೀರಿ, ಜನ ಯಾವಾಗ ಬರ್ತಾರೆ ಅನ್ನೋದು ನಿಮಗೇ ಗೊತ್ತಿರೋದು.

ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ನೆಲದಿಂದ ನಾಲ್ಕೂವರೆ ಐದು ಅಡಿ ಎತ್ತರ, ತಂಪು ಗಾಳಿ ಬರೋ ಗ್ರಿಲ್ ಕೆಳಗೆ ಬೇಡ, ರೋಡಿನ ಕಡೆ ಬಾಗಿಲ ಪಕ್ಕ ಬೇಡ, ಬಿಲ್ಲಿಂಗ್ ಕಂಪ್ಯೂಟರ್ ಹಿಂದೆ ಬೇಡ, ಸೀರೆ ಮೇಲೆ ಬಿಡೋ ಸ್ಪಾಟ್ ಲೈಟ್ ಹತ್ರ ಬೇಡ, ಪಶ್ಚಿಮದ ಹೊರಗೋಡೆ ಅಂತೂ ಬೇಡವೇ ಬೇಡ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, ಆ ಗೋಡೆ ರಾತ್ರಿ ಎಂಟರವರೆಗೂ ಕಾಯ್ದೇ ಇರುತ್ತೆ, ಥರ್ಮೋಸ್ಟಾಟ್ ಅಂಗಡಿಯ ಬಿಸಿ ಬಿಟ್ಟು ಗೋಡೆಯ ಬಿಸಿ ಅಳೆಯುತ್ತೆ. ಗಾಳಿ ವಾಪಸ್ ಎಸಿಗೆ ಹೋಗೋ ದಾರಿಯಲ್ಲಿ ಒಳಗೋಡೆ ಇದ್ರೆ ಅದೇ ಒಳ್ಳೇ ಜಾಗ. ಜಾಗ ಬದಲಾಯಿಸೋಕೆ ಆಗಲ್ಲ ಅಂದ್ರೆ ಹೊರಗಿನ ಸೆನ್ಸರ್ ಕೂಡಿಸೋಕೆ ಬರೋ ಮಾಡೆಲ್ ತಗೊಂಡು ಸೆನ್ಸರನ್ನ ರಿಟರ್ನ್ ಗ್ರಿಲ್‌ನಲ್ಲಿ ಇಡಿಸಿ. ಚಿತ್ರದುರ್ಗದಲ್ಲಿ ಒಂದು ಕ್ಲಿನಿಕ್‌ನಲ್ಲಿ ಥರ್ಮೋಸ್ಟಾಟ್ ಬದಲಾಯಿಸಿದ್ರೂ ರೂಮು ಫ್ರಿಜ್ ಥರ ಆಗ್ತಿತ್ತು, ಎಸಿ ನಿಲ್ತಾನೇ ಇರಲಿಲ್ಲ. ಆಮೇಲೆ ನೋಡಿದ್ರೆ ಫಾಲ್ಸ್ ಸೀಲಿಂಗ್ ಮೇಲಿನ ಕಾದ ಗಾಳಿ ವೈರಿನ ಪೈಪಿನೊಳಗಿಂದ ಇಳಿದು ಸೆನ್ಸರಿಗೇ ಬಡೀತಿತ್ತು. ಪೈಪಿನ ಬಾಯಿಗೆ ಸಿಲಿಕಾನ್ ತುಂಬಿದ ಮೇಲೆ ಸರಿಹೋಯ್ತು. ನೀವೂ ಅದನ್ನ ಮರೀದೆ ಮಾಡ್ಸಿ.

ಈಗ ಸೆಟ್ಟಿಂಗ್. ಮೊದಲನೇದು ಕಂಪ್ರೆಸರ್ ಡಿಲೇ. ನಿಂತ ಕಂಪ್ರೆಸರ್ ಮತ್ತೆ ಸ್ಟಾರ್ಟ್ ಆಗೋಕೆ ಕಡೇಪಕ್ಷ 3 ನಿಮಿಷ ಬೇಕು, ಒಳಗಿನ ಎರಡೂ ಕಡೆ ಪ್ರೆಷರ್ ಸಮ ಆಗ್ಬೇಕು, ಇಲ್ದಿದ್ರೆ ಒಳಗಿನ ಮೋಟಾರಿನ ವೈಂಡಿಂಗ್ ಮೇಲೆ ಭಾರ ಬೀಳುತ್ತೆ. ಎಫ್‌ಸಿಯು ಥರ್ಮೋಸ್ಟಾಟ್ ವಾಲ್ವಿಗೆ ಅಂತ ಮಾಡಿರೋದರಿಂದ ಎಷ್ಟೋ ಮಾಡೆಲ್‌ಗಳಲ್ಲಿ ಈ ಡಿಲೇ ಇರೋದೇ ಇಲ್ಲ! ಅಂಗಡಿಯೋರು ಇದನ್ನ ಹೇಳಲ್ಲ, ನೀವೇ ಕೇಳ್ಬೇಕು. ಅದರಲ್ಲಿ ಇಲ್ಲ ಅಂದ್ರೆ ಹೊರಗಿನ ಪ್ಯಾನೆಲ್‌ನಲ್ಲಿ ಡಿಲೇ ಟೈಮರ್ ಐತಾ ನೋಡ್ಸಿ, ಅಲ್ಲೂ ಇಲ್ದಿದ್ರೆ ಒಂದು ಹಾಕ್ಸಿ, ಇದರಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗಬೇಡಿ. ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡೋ ಮಳೆಗಾಲದ ಸಂಜೆ ಕಂಪ್ರೆಸರ್ ಉಳಿಸೋದು ಇದೇ.

ಎರಡನೇದು ಗಡಿಯಾರ. ಕರೆಂಟ್ ಹೋದಾಗ ಟೈಮ್ 12 ಗಂಟೆಗೆ ಹೋಗಿ ಕೂರೋ ಅಗ್ಗದ ಮಾಡೆಲ್ ಇರ್ತವೆ, ಪ್ರೋಗ್ರಾಮ್ ಉಳಿದಿರುತ್ತೆ ಆದ್ರೆ ಟೈಮ್ ತಪ್ಪಿರುತ್ತೆ, ಮಧ್ಯರಾತ್ರಿ ಖಾಲಿ ಅಂಗಡಿಗೆ ಎಸಿ ಓಡುತ್ತೆ. ತಗೊಳೋ ಮುಂಚೆ ಪ್ಲಗ್ ತೆಗೆದು ಹಾಕಿ ತೋರಿಸಿ ಅಂತ ಕೇಳಿ. ಕರೆಂಟ್ ಬಂದಾಗ ಮೊದಲು ಇದ್ದಂಗೇ ಶುರು ಆಗ್ಬೇಕಾ, ಆಫ್ ಇರ್ಬೇಕಾ ಅಂತಾನೂ ಒಂದು ಸೆಟ್ಟಿಂಗ್ ಇರುತ್ತೆ, ಪ್ರೋಗ್ರಾಮ್ ಸರಿಯಾಗಿ ನಡೀಬೇಕು ಅಂದ್ರೆ ಮೊದಲಿನಂಗೇ ಅಂತ ಇಡಿ. ಆಮೇಲೆ ಸೆಟ್ ಮಾಡಿದ್ದಕ್ಕಿಂತ ಎಷ್ಟು ಡಿಗ್ರಿ ಏರಿದ ಮೇಲೆ ಎಸಿ ಮತ್ತೆ ಶುರು ಆಗ್ಬೇಕು ಅನ್ನೋದನ್ನ 1 ಡಿಗ್ರಿಗೆ ಇಡಿ, ಅರ್ಧಕ್ಕೆ ಇಟ್ರೆ ಪದೇಪದೇ ಆನ್ ಆಫ್ ಆಗ್ತಿರುತ್ತೆ. ಪಕ್ಕದಲ್ಲಿ ಒಂದು ಥರ್ಮಾಮೀಟರ್ ಅರ್ಧ ಗಂಟೆ ಇಟ್ಟು ವ್ಯತ್ಯಾಸ ಬಂದ್ರೆ ಅದನ್ನೂ ಸೆಟ್ಟಿಂಗಲ್ಲೇ ಕೂಡಿಸಿ ಕಳೀಬಹುದು.

ಪ್ರೋಗ್ರಾಮ್ ವಿಷಯಕ್ಕೆ ಬಂದ್ರೆ, 5+2 ಅಂತ ಬರ್ದಿರೋದು ತಗೋಬೇಡಿ. ಅದು ಸೋಮವಾರದಿಂದ ಶುಕ್ರವಾರ ಒಂದು ಥರ, ಶನಿವಾರ ಭಾನುವಾರ ಒಂದು ಥರ, ಆಫೀಸಿನೋರಿಗೆ ಸರಿ. ನಿಮಗೆ ಶನಿವಾರ ತುಂಬಾ ವ್ಯಾಪಾರ, ಭಾನುವಾರ ರಜ ಅಂತೀರಿ, ಎರಡೂ ಒಂದೇ ಲೆಕ್ಕ ಆದ್ರೆ ಹೆಂಗೆ? 5+1+1 ಇಲ್ಲಾ ಏಳೂ ದಿನ ಬೇರೆಬೇರೆ ಇಡೋದು ತಗೊಳಿ. ಹತ್ತಕ್ಕೆ ಅಂಗಡಿ ತೆಗೆಯೋದಾದ್ರೆ ಒಂಬತ್ತೂವರೆಗೆ 25 ಅಂತ ಶುರು ಮಾಡಿ, ಬೇಸಿಗೆಯಲ್ಲಿ ಇನ್ನೂ ಕಾಲು ಗಂಟೆ ಮುಂಚೆ. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ 24, ಆಮೇಲೆ ಮತ್ತೆ 25. ಒಂಬತ್ತಕ್ಕೆ ಬಾಗಿಲು ಹಾಕೋದಾದ್ರೆ ಎಂಟೂವರೆಗೇ 28 ಮಾಡಿ, ಗೋಡೆ, ನೆಲ, ರ‍್ಯಾಕಿನ ಬಟ್ಟೆ ಎಲ್ಲ ತಣ್ಣಗಾಗಿರುತ್ತೆ, ಕೊನೇ ಅರ್ಧ ಗಂಟೆ ಅದರಲ್ಲೇ ಸಾಗುತ್ತೆ. ರಾತ್ರಿಗೂ ರಜದ ದಿನಕ್ಕೂ 35 ಅಂತ ಇಟ್ಟುಬಿಡಿ, ಅಂದ್ರೆ ಆಫ್ ಇದ್ದಂಗೇ. ಮದುವೆ ಸೀಸನ್ನು, ದೀಪಾವಳಿ, ದುಗ್ಗಮ್ಮನ ಜಾತ್ರೆ ಟೈಮಲ್ಲಿ ಹೊತ್ತು ಮೀರಿ ಅಂಗಡಿ ತೆಗೆದಿರ್ತೀರಲ್ಲ, ಅವಾಗ ಪ್ರೋಗ್ರಾಮ್ ಅಳಿಸೋಕೆ ಹೋಗಬೇಡಿ, ಹೋಲ್ಡ್ ಅಂತ ಇರುತ್ತೆ ಅದನ್ನ ಒತ್ತಿ, ಮನೆಗೆ ಹೋಗೋವಾಗ ನೆನಪಿಟ್ಟು ಬಿಡಿಸಿ.

ಕೆಲಸದ ಹುಡುಗ್ರಿಗೆ ಒಂದು ವಿಷಯ ಹೇಳಿ, 18ಕ್ಕೆ ಇಟ್ರೆ ಬೇಗ ತಣ್ಣಗಾಗಲ್ಲ. ನಿಮ್ಮದು ವೇಗ ಹೆಚ್ಚು ಕಮ್ಮಿ ಮಾಡ್ಕೊಳೋ ಇನ್ವರ್ಟರ್ ಎಸಿ ಅಲ್ಲ, ಕಂಪ್ರೆಸರ್ ಓಡಿದ್ರೆ ಒಂದೇ ಸ್ಪೀಡಲ್ಲಿ ಓಡುತ್ತೆ, 24ಕ್ಕೆ ಇಟ್ರೂ ಅಷ್ಟೇ ವೇಗ, 18ಕ್ಕೆ ಇಟ್ರೂ ಅಷ್ಟೇ ವೇಗ, ನಿಲ್ಲೋದು ಮಾತ್ರ ಯಾವಾಗಲೋ. ರೂಮ್ ಎಸಿಗಳಿಗೆ 2020ರ ಜನವರಿಯಿಂದ 24 ಡಿಗ್ರಿ ಡಿಫಾಲ್ಟ್ ಇರ್ಬೇಕು ಅಂತ ಕೇಂದ್ರ ಸರ್ಕಾರ ಮಾಡಿದ್ದೂ ಸುಮ್ನೆ ಅಲ್ಲ, ಒಂದು ಡಿಗ್ರಿ ಏರಿಸಿದ್ರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತೆ ಅನ್ನೋದು ಅವ್ರ ಲೆಕ್ಕ. ಹೊರಗೆ 38, 39 ಬಿಸಿಲಲ್ಲಿ ಬಂದೋರಿಗೆ 25 ಅಂದ್ರೆ ಸಾಕಷ್ಟು ತಂಪು. ಕೀ ಲಾಕ್ ಹಾಕಿ ಇಡಿ, ಕೋಡ್ ನಿಮ್ಮ ಹತ್ರ ಮಾತ್ರ ಇರಲಿ.

ಮಳೆಗಾಲದಲ್ಲಿ ಫ್ಯಾನನ್ನ ಆನ್‌ನಲ್ಲಿ ಬಿಡದೆ ಆಟೋಗೆ ಹಾಕಿ. ಕಂಪ್ರೆಸರ್ ನಿಂತ ಮೇಲೂ ಬ್ಲೋವರ್ ಓಡ್ತಿದ್ರೆ ಒಳಗಿನ ಗಾಳಿ ತಣ್ಣಗೆ ಮಾಡೋ ಕಾಯಿಲ್ ಮೇಲಿನ ನೀರು ಮತ್ತೆ ಗಾಳಿಗೇ ಸೇರಿ ಅಂಗಡಿ ಒಳಗೆ ತೇವ ಏರುತ್ತೆ, ಬಟ್ಟೆ ಅಂಗಡಿಗೆ ಅದು ಒಳ್ಳೇದಲ್ಲ.

ತಗೊಳೋ ಮುಂಚೆ ಒಂದು ಖಾತ್ರಿ ಮಾಡ್ಕೊಳಿ, ಗೋಡೆ ಮೇಲಿರೋದು ನಿಜವಾಗ್ಲೂ ಥರ್ಮೋಸ್ಟಾಟಾ, ಇಲ್ಲಾ ವೈರ್ ಇರೋ ರಿಮೋಟಾ ಅಂತ. ಡಿಸ್ಪ್ಲೇ, ಬಟನ್ ಎಲ್ಲ ಇದ್ದು ಹಿಂದೆ ಎರಡು ಮೂರು ತೆಳ್ಳನೆ ವೈರ್ ಮಾತ್ರ ಇದ್ರೆ ಅದು ಮೆಷಿನ್ನಿನ ಬೋರ್ಡಿನ ಜೊತೆ ಸಿಗ್ನಲ್ಲಲ್ಲಿ ಮಾತಾಡೋದು, ಅದರ ಜಾಗಕ್ಕೆ ಹೊರಗಿನ ಥರ್ಮೋಸ್ಟಾಟ್ ಬರಲ್ಲ, ಸ್ಪ್ಲಿಟ್ ಎಸಿಗೂ ಇನ್ವರ್ಟರ್ ಮೆಷಿನ್ನಿಗೂ ಇದೇ ಮಾತು. ನಿಮ್ಮದು ತಿರುಗಿಸೋದು ಅಂದಿದ್ದಕ್ಕೆ ಇಷ್ಟೆಲ್ಲ ಬರ್ದೆ. ಹಳೇದರ ಟರ್ಮಿನಲ್ ಫೋಟೋನೂ ಬ್ಲೋವರ್ ಮೋಟಾರಿನ ಪ್ಲೇಟಿನ ಫೋಟೋನೂ ಇಲ್ಲೇ ಹಾಕಿ ಸರ್, ಎಷ್ಟು ಆಂಪಿಯರಿಂದು ಬೇಕು, ರಿಲೇ ಬೇಕಾ ಬೇಡ್ವಾ ಹೇಳ್ತೀನಿ.