ಟ್ಯಾಬ್ ಕೊಡಲಿ, ಪಕ್ಕದಲ್ಲಿ ಕೂರೋದು ಯಾರು?

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ನಿಮ್ಮ ಪತ್ರಿಕೆ ಯಾವಾಗ ನೋಡಿದರೂ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಿಲ್ಲ ಅಂತಲೇ ಬರೆಯುತ್ತದೆ. ಮೇಷ್ಟ್ರು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಮಗುವಿಗೊಂದು ಟ್ಯಾಬ್ ಕೊಟ್ಟರೆ ಬೆಂಗಳೂರಿನ ಮಗು ನೋಡುವ ಪಾಠವನ್ನೇ ನಮ್ಮೂರ ಮಗುವೂ ನೋಡುತ್ತದೆ. ಸಮಾನತೆ ಅಂದರೆ ಅದೇ ಅಲ್ಲವೇ? ನೀವು ತಂತ್ರಜ್ಞಾನದ ವಿರೋಧಿಯೇ?"

ವಿರೋಧಿ ಖಂಡಿತ ಅಲ್ಲ ಸ್ವಾಮಿ. ಕೊರೊನಾ ಕಾಲದಲ್ಲಿ ನಿಮ್ಮ ಮೊಮ್ಮಗಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಕೂರುತ್ತಿದ್ದಳು, ಮಳೆ ಬಂದರೆ ಅವಳಪ್ಪ ಕೊಡೆ ಹಿಡಿದು ನಿಲ್ಲುತ್ತಿದ್ದರು ಅಂತ ಬರೆದಿದ್ದೀರಿ. ಅದನ್ನು ಎರಡು ಸಲ ಓದಿದೆ. 2020ರ ಕೊನೆಯಲ್ಲಿ ಯುನಿಸೆಫ್ ಕೊಟ್ಟ ಲೆಕ್ಕದಂತೆ ಜಗತ್ತಿನ 3ರಿಂದ 17 ವರ್ಷದ ಮಕ್ಕಳಲ್ಲಿ ಮೂರನೇ ಎರಡರಷ್ಟು, ಅಂದರೆ 130 ಕೋಟಿ ಮಕ್ಕಳ ಮನೆಯಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ಇದು ಅನ್ಯಾಯ, ಇದು ಸರಿಯಾಗಬೇಕು. ಅಷ್ಟು ನಿಮ್ಮ ಮಾತು ಒಪ್ಪಿದೆ.

ಆದರೆ ಪೆಟ್ಟಿಗೆ ಕೊಟ್ಟರೆ ಶಾಲೆ ಸರಿಹೋಗುತ್ತದೆ ಅನ್ನುವ ಆಸೆ ಇವತ್ತಿನದಲ್ಲ. 1975ರ ಆಗಸ್ಟ್‌ನಲ್ಲಿ ನಾಸಾದ ಒಂದು ಉಪಗ್ರಹವನ್ನು ವರ್ಷದ ಮಟ್ಟಿಗೆ ಪಡೆದು ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಿತು. 'ಸೈಟ್' ಅಂತ ಅದರ ಹೆಸರು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಕರೆಂಟೇ ಅಪರೂಪವಾಗಿದ್ದ ಕಾಲದಲ್ಲಿ ಶಾಲೆ ಮಕ್ಕಳಿಗೆ ಬೆಳಗ್ಗೆ ಟಿ.ವಿ. ಪಾಠ! ದೊಡ್ಡ ಸಾಹಸವೇ. ವರ್ಷ ತುಂಬಿತು, ಉಪಗ್ರಹ ವಾಪಸ್ ಹೋಯಿತು. ಅದೇ ಯೋಜನೆಯಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯೂ ನಡೆದಿತ್ತು. ಉಪಗ್ರಹ ಹೋದ ಮೇಲೂ ಆ ಮೇಷ್ಟ್ರುಗಳು ಶಾಲೆಯಲ್ಲೇ ಇದ್ದರು ನೋಡಿ. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಅನ್ನುವ ಉಪಗ್ರಹ ಹಾರಿಸಿದಾಗಲೂ ನಮ್ಮ ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು.

ದೂರದ ಪೆರು ದೇಶದ ಕಥೆಯನ್ನಂತೂ ನೀವು ಕೇಳಲೇಬೇಕು. ಮಗುವಿಗೊಂದು ಲ್ಯಾಪ್‌ಟಾಪ್ ಅಂತ ಅಲ್ಲಿನ ಸರ್ಕಾರ ಲಕ್ಷಗಟ್ಟಲೆ ಕೊಂಡು ಹಂಚಿತು. ನಿಮ್ಮ ಪತ್ರದಲ್ಲಿರುವ ಆಸೆಯೇ ಅವರದ್ದೂ. ಆಮೇಲೆ 319 ಹಳ್ಳಿ ಶಾಲೆಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ಫಲಿತಾಂಶ ಹೊರಗೆ ಹಾಕಿದರು. ಮಕ್ಕಳು ಕಂಪ್ಯೂಟರ್ ಬಳಸುವುದು ಜಾಸ್ತಿಯಾಗಿತ್ತು, ಅದು ನಿಜ. ಆದರೆ ಗಣಿತದಲ್ಲೂ ಭಾಷೆಯಲ್ಲೂ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳಿಗೂ ಸಿಗದ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಾನೇ ಕಣ್ಣಾರೆ ಕಂಡಿದ್ದೂ ಇದೆ. ಕೆಲವು ವರ್ಷದ ಹಿಂದೆ ಬಯಲುಸೀಮೆಯ ಒಂದು ಶಾಲೆಗೆ ಹೋಗಿದ್ದೆ. ಕಂಪ್ಯೂಟರ್ ರೂಮಿಗೆ ಬೀಗ. ಮುಖ್ಯೋಪಾಧ್ಯಾಯರು ಸೊಂಟದ ಗೊಂಚಲಿನಿಂದ ಕೀಲಿ ತೆಗೆದು ತೋರಿಸಿದರು. ಹೂವಿನ ಬಟ್ಟೆ ಹೊದೆಸಿಟ್ಟ ನಾಲ್ಕು ಕಂಪ್ಯೂಟರ್, ಪ್ರತಿಯೊಂದರ ಹಣೆಗೂ ಆಯುಧಪೂಜೆಯ ಕುಂಕುಮ, ಒಣಗಿದ ಚೆಂಡು ಹೂವು. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. "ಬಾಗಿಲು ತೆಗೆದಿಟ್ಟರೆ ಕಳ್ಳತನ ಆಗುತ್ತೆ ಸಾರ್, ಕಳ್ಳತನವಾದರೆ ನನ್ನ ತಲೆಗೆ ಬರುತ್ತೆ" ಅಂದರು. ಆ ಮನುಷ್ಯನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಐದು ಕ್ಲಾಸಿಗೆ ಇದ್ದದ್ದು ಅವರೂ ಸೇರಿ ಇಬ್ಬರೇ.

ಇನ್ನು ಸಮಾನತೆ. ಮನೆಗೆ ಒಂದು ಫೋನ್ ಬಂತು ಅಂದುಕೊಳ್ಳಿ, ಅದು ಯಾರ ಕೈಗೆ ಹೋಗುತ್ತದೆ? ಹಳ್ಳಿ ಮಕ್ಕಳ ಕಲಿಕೆ ಹೇಗಿದೆ ಅಂತ ನೋಡುವ ಅಸರ್ ಸಮೀಕ್ಷೆಯವರು 2023ರಲ್ಲಿ ಹಳ್ಳಿಯ 14ರಿಂದ 18 ವರ್ಷದವರನ್ನು ಕೇಳಿದ್ದರು. ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇ 19.8. ನಿಮ್ಮ ಮೊಮ್ಮಗಳ ಪುಣ್ಯ, ಕೊಡೆ ಹಿಡಿಯುವ ಅಪ್ಪ ಸಿಕ್ಕಿದ. ಎಷ್ಟು ಹುಡುಗಿಯರಿಗೆ "ಅಣ್ಣ ನೋಡಿದ ಮೇಲೆ ನೀನು ನೋಡು" ಅನ್ನುವ ಉತ್ತರವೇ ಗತಿ ಅಲ್ವಾ?

ನನಗೆ ಖುಷಿ ಕೊಡುವ ಕಥೆ ಬೇರೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಶಾಲೆ ನೋಡಿ ಬಂದರು. ಬಂದವರು ಸುಮ್ನೆ ಕೂರಲಿಲ್ಲ. ತಾವೇ ಕೂತು ಪಾಠದ ಕಾರ್ಡು ಬರೆದರು, ಚಿತ್ರ ಬಿಡಿಸಿದರು, ಹಾಡು ಕಟ್ಟಿದರು. ಅದೇ ನಲಿ-ಕಲಿ. ಇಂಥದೊಂದು ಕ್ಲಾಸಿನಲ್ಲಿ ಅರ್ಧ ದಿನ ಕೂತಿದ್ದೇನೆ. ನೆಲದ ಮೇಲೆ ಗುಂಪು ಗುಂಪಾಗಿ ಮಕ್ಕಳು, ಆ ಗುಂಪಿಗೆ 'ತಟ್ಟೆ' ಅನ್ನುತ್ತಾರೆ. ಒಂದು ಹುಡುಗಿ ಗೋಡೆಯ ಮೇಲೆ ಕಲಿಕೆಯ ಮೆಟ್ಟಿಲು ತೋರಿಸುವ 'ಕಲಿಕಾ ಏಣಿ' ನೋಡಿ ತನ್ನ ಕಾರ್ಡು ತಾನೇ ಹುಡುಕಿ ತಂದಳು. 'ಳ' ಬರೆಯುವಾಗ ಕೈ ತಪ್ಪುತ್ತಿತ್ತು. ಟೀಚರ್ ಏನೂ ಹೇಳದೆ ಪಕ್ಕದಲ್ಲಿ ಕೂತು ಅವಳ ಬೆರಳು ಹಿಡಿದು ಒಂದು ಸಲ ಸುತ್ತಿಸಿದರು. ಎರಡನೇ ಸಲ ಅವಳೇ ಸುತ್ತಿದಳು. ತಪ್ಪುತ್ತಿರುವುದು ಅಕ್ಷರವಲ್ಲ, ಬೆರಳು ಅಂತ ಆ ಟೀಚರಿಗೆ ಕಂಡಿತ್ತು.

ಅದಕ್ಕೇ ನಿಮ್ಮ "ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ" ಅನ್ನುವ ಮಾತಿಗೆ ಬೇಜಾರಾಯಿತು. ಇರುವ ಮೇಷ್ಟ್ರನ್ನು ನಾವು ಕ್ಲಾಸಿನಲ್ಲಿ ಇರಲು ಬಿಟ್ಟಿದ್ದೇವೆಯೇ? ಹಾಜರಾತಿ ಆನ್‌ಲೈನ್, ಬಿಸಿಯೂಟದ ಲೆಕ್ಕ ಆನ್‌ಲೈನ್, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಬೇರೆ. ಸರ್ವರ್ ಸಿಗದಿದ್ದರೆ ರಾತ್ರಿ ಮನೆಯಲ್ಲಿ ಕೂತು ತುಂಬಬೇಕು. ಇದರ ಮೇಲೆ ಮತದಾರರ ಪಟ್ಟಿ, ಸಮೀಕ್ಷೆ. ಮೇಷ್ಟ್ರ ಹೊರೆ ಇಳಿಸಬೇಕಿದ್ದ ತಂತ್ರಜ್ಞಾನ ಅವರನ್ನೇ ಗುಮಾಸ್ತರನ್ನಾಗಿ ಮಾಡಿದೆ. ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ. ಜೂನ್‌ನಲ್ಲಿ ಶಾಲೆ ಶುರುವಾದರೂ ಅವರು ಬರುವುದು ತಡ, ಅವರ ಸಂಬಳ ಇನ್ನೂ ತಡ. ಟ್ಯಾಬ್ ಹಂಚಿದರೆ ವೇದಿಕೆ, ಹಾರ, ಫೋಟೊ ಎಲ್ಲ ಇರುತ್ತದೆ. ಒಬ್ಬ ಟೀಚರ್ ನೇಮಕವಾದರೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಒಂದು ಕೆಲಸ ಮಾಡಿ. ನಿಮ್ಮೂರ ಶಾಲೆಯಲ್ಲಿ ಸ್ಮಾರ್ಟ್ ಟಿ.ವಿ. ಬಂದಿದೆ ಅಂತ ಬರೆದಿದ್ದೀರಿ. ಒಂದು ದಿನ ಬೆಳಗ್ಗೆ ಹೋಗಿ ನೋಡಿ. ಅದು ವಾರಕ್ಕೆ ಎಷ್ಟು ಗಂಟೆ ಓಡುತ್ತದೆ, ಆಗ ಕ್ಲಾಸಿನಲ್ಲಿ ಯಾರಿರುತ್ತಾರೆ, ನಾಲ್ಕನೇ ಕ್ಲಾಸಿಗೆ ಈ ವರ್ಷ ಗಣಿತ ಹೇಳಿಕೊಡುತ್ತಿರುವವರು ಯಾರು, ಇಷ್ಟು ವಿಚಾರಿಸಿ ಬರೆಯಿರಿ. ನನ್ನ ಮಾತು ತಪ್ಪು ಅಂತ ಕಂಡರೂ ಬರೆಯಿರಿ. ಪೂರ್ತಿ ಹಾಕುತ್ತೇವೆ.